ಕೆಂಪು ದೀಪ ಆರಿಸಿದವರು

ನಮ್ಮ ಬೀದಿಯಲ್ಲಿ ನನ್ನ ಗಂಡನಿಗೆ ಕಿವಿರಾಯ ಅಂತಲೇ ಹೆಸರು. ಹಾಡುಗಳ ಧ್ವನಿ ಹದ ಮಾಡಿಕೊಡೋದು ಅವರ ಕಸುಬು. ಪಕ್ಕದ ಮನೆ ಫ್ಯಾನು ಕಿರುಗುಟ್ಟಿದರೆ ಯಾವ ತಿರುಪು ಸಡಿಲ ಅಂತ ಇಲ್ಲಿಂದಲೇ ಹೇಳೋರು. ನಾನು ಕೂಗಿದ್ದು ಮಾತ್ರ ಕೇಳಿಸ್ತಿರಲಿಲ್ಲ, ಅದು ಬೇರೆ ಮಾತು.

ಮನೆಯ ಹಿಂದಿನ ಕೋಣೆಯೇ ಸ್ಟುಡಿಯೋ. ಗೋಡೆಗೆಲ್ಲ ಕಂಬಳಿ, ನಡುವೆ ಧ್ವನಿ ಬೆರೆಸೋ ಹಳೇ ಮೇಜು. ಒಬ್ಬೊಬ್ಬರ ಧ್ವನಿಗೂ ಏರಿಸಿ ಇಳಿಸೋಕೆ ಒಂದೊಂದು ಹಿಡಿ. ಹಾಡೋರ ಧ್ವನಿಗಳನ್ನೆಲ್ಲ ಮೊದಲು ಒಂದೇ ದಾರಿಗೆ ಸೇರಿಸ್ತಾರೆ, ಅದಕ್ಕೆ ಬಸ್ ಅಂತಾರೆ. ವಾದ್ಯಗಳಿಗೆ ಇನ್ನೊಂದು ಬಸ್. ಕೊನೆಗೆ ಎಲ್ಲಾ ಸೇರಿ ಹೊರಗೆ ಹೋಗೋ ಜಾಗದಲ್ಲಿ ಮಾಸ್ಟರ್ ಹಿಡಿ. ಮದುವೆಯಾದ ಹೊಸದರಲ್ಲಿ, "ಕಂಡಕ್ಟರ್ ಯಾರು?" ಅಂತ ಕೇಳಿದರೆ ನಗೋರು. ಆಮೇಲಾಮೇಲೆ ನಗೋದು ಬಿಟ್ಟರು.

ಅವರ ಅಕ್ಕ, ಅಂದರೆ ನನ್ನ ಅತ್ತಿಗೆ, ಹೊಲಿಗೆ ಕಾರ್ಖಾನೆಯಲ್ಲಿದ್ದಾರೆ. ಅಲ್ಲಿನ ಹೆಂಗಸರದ್ದೇ ಒಂದು ಹಾಡಿನ ಗುಂಪು, ಅತ್ತಿಗೆಯೇ ಮುಂದಾಳು. ಅಪ್ಪ ಅಮ್ಮ ಹೋದಮೇಲೆ ತಮ್ಮನನ್ನು ಸಾಕಿ ಬೆಳೆಸಿದ್ದು ಅವರೇ. ತನ್ನದು ಅಂತ ಅವರಿಗೆ ಉಳಿದದ್ದು ಆ ಗಂಟಲೊಂದೇ.

ಗುಂಪಿನ ಹಾಡನ್ನು ಇವರು ಒಬ್ಬೊಬ್ಬರದಾಗಿ ರೆಕಾರ್ಡ್ ಮಾಡಿಕೊಂಡು, ಒಂದು ಭಾನುವಾರ ಎಲ್ಲರನ್ನೂ ಕೂರಿಸಿ ಕೇಳಿಸಿದರು. ಅತ್ತಿಗೆ ಮೇಲಿನ ಸ್ವರಕ್ಕೆ ಏರಿ, ಹಿಂದಿನಿಂದ ಗುಂಪೂ ಕೂಡಿಕೊಂಡ ತಕ್ಷಣ ಧ್ವನಿ ಕರ್ರ್ ಅಂತ ಒಡೀತು. ಧ್ವನಿ ಮಿತಿಮೀರಿದರೆ ಹತ್ತೋ ಮಾಸ್ಟರಿನ ಕೆಂಪು ದೀಪ ಹತ್ತಿತು. ಇವರು ಮಾಸ್ಟರ್ ಹಿಡಿ ಕೆಳಗೆಳೆದರು, ದೀಪ ಆರಿತು. ಮತ್ತೆ ಹಾಕಿದರೂ ಅದೇ ಕರ್ರ್.

"ಅಕ್ಕಾ, ಯಂತ್ರದ್ದೇನೂ ತಪ್ಪಿಲ್ಲ, ನಿನ್ನ ಗಂಟಲೇ ಒಡೀತಿದೆ. ವಯಸ್ಸಾಯ್ತಲ್ಲ. ಆ ಸಾಲು ಬೇರೆ ಯಾರಾದ್ರೂ ಹಾಡಲಿ," ಅಂದುಬಿಟ್ಟರು, ಅಷ್ಟೂ ಜನರ ಎದುರಿಗೆ! ಎಲುಬಿಲ್ಲದ ನಾಲಿಗೆ ಅಂತ ಸುಮ್ಮನೆ ಅಂತಾರಾ? ಅತ್ತಿಗೆ ಮುಖ ಸಣ್ಣದಾಯ್ತು. "ಹೌದು ಕಣೋ, ನನಗೂ ಅನುಮಾನ ಇತ್ತು," ಅಂತ ಎದ್ದು ಹಿಂದಿನ ಬೆಂಚಿಗೆ ಹೋಗಿ ಕೂತರು. ಗುಂಪಿನವರ ಕ್ಷಮೆ ಬೇರೆ ಕೇಳಿದರು.

ಮುಂದಿನ ವಾರ ಇಸ್ತ್ರಿ ವಿಭಾಗದ ಹೊಸಬಳು ಆ ಸಾಲು ಹಾಡಿದಳು. ಎಳೇ ಗಂಟಲು. ಗುಂಪಿನ ಜೊತೆ ಸೇರಿಸಿ ಹಾಕಿದರೆ ಅದೇ ಜಾಗದಲ್ಲಿ ಅದೇ ಕರ್ರ್! ಇವರ ಮುಖ ನೋಡಬೇಕಿತ್ತು. ಆಗ, ಆಗಷ್ಟೇ, ಅತ್ತಿಗೆಯ ಧ್ವನಿಯನ್ನು ಒಂಟಿಯಾಗಿ ಹಾಕಿ ಕೇಳಿದರು. ತಿಳಿನೀರಿನ ಹಾಗಿತ್ತು. ಒಬ್ಬೊಬ್ಬರದೂ ಸರಿಯಾಗೇ ಇತ್ತು; ಎಲ್ಲ ಸೇರೋ ಬಸ್ಸಿನಲ್ಲಿ ಮಿತಿಮೀರಿ ಒಡೀತಿತ್ತು. ಆ ಹಳೇ ಮೇಜಿನಲ್ಲಿ ಬಸ್ಸಿಗೆ ದೀಪವಿಲ್ಲ. ತಗ್ಗಿಸಬೇಕಿದ್ದದ್ದು ಬಸ್ಸಿಗೆ ಹೋಗೋ ಧ್ವನಿಗಳನ್ನ, ಇವರು ತಗ್ಗಿಸಿದ್ದು ಕೊನೆಯ ಹಿಡಿಯನ್ನ. ಪಾತ್ರೆಯಲ್ಲೇ ಸೀದ ಹಾಲನ್ನ ಲೋಟಕ್ಕೆ ಕಡಿಮೆ ಬಗ್ಗಿಸಿದರೆ ಸೀದ ವಾಸನೆ ಹೋಗುತ್ತಾ? ಕುಣಿಯಲಾರದವಳು ನೆಲ ಡೊಂಕು ಅಂದಳಂತೆ!

ಬಾಯಿಗೆ ಬಂದಂಗೆ ಬೈದೆ. ಇವರು ಮೇಜಿನ ಸ್ವಿಚ್ಚು ಆರಿಸಿದರು. ಕೊನೆಗೆ, "ನಾಚಿಕೆಯಾಗ್ತಿದೆ ಕಣೇ. ಯಾವ ಮುಖ ಇಟ್ಕೊಂಡು ಅಕ್ಕನ ಎದುರಿಗೆ ನಿಲ್ಲಲಿ?" ಅಂದರು.

"ಎಲ್ಲರ ಮುಂದೆ ಅಂದಿದ್ದೀರಿ, ಎಲ್ಲರ ಮುಂದೇನೇ ಒಪ್ಪಿಕೊಳ್ಳಿ," ಅಂದೆ.

ಗುಂಪನ್ನು ಮತ್ತೆ ಕರೆಸಿದರು. ಧ್ವನಿಗಳನ್ನೆಲ್ಲ ಬಸ್ಸಿಗೆ ಮುಂಚೆಯೇ ತಗ್ಗಿಸಿ, ಅತ್ತಿಗೆಯ ಹಳೇ ಹಾಡನ್ನೇ ಹಾಕಿದರು. ಆ ಸ್ವರ ಕೋಣೆ ತುಂಬಿತು. ಹೆಂಗಸರು ಕಣ್ಣೊರೆಸಿಕೊಂಡರು. "ಅಕ್ಕಾ, ತಪ್ಪು ನನ್ನದು. ನಿನ್ನ ಗಂಟಲಿಗೆ ಏನೂ ಆಗಿರಲಿಲ್ಲ," ಅಂದರು ಇವರು, ಅಷ್ಟೂ ಜನರ ಎದುರಿಗೇ.

ಅತ್ತಿಗೆ ತಮ್ಮನ ತಲೆ ಸವರಿದರು. "ಚೆನ್ನಾಗಿ ರಿಪೇರಿ ಮಾಡಿದ್ದೀಯ ಕಣೋ. ನನ್ನ ಮನಸ್ಸು ನೋಯಬಾರದು ಅಂತ ಎಷ್ಟು ಕಷ್ಟಪಟ್ಟೆಯೋ ಏನೋ."

"ಅಯ್ಯೋ, ರಿಪೇರಿ ಅಲ್ಲ ಅಕ್ಕಾ! ಬೇಕಾದರೆ ಈಗಲೇ ಹಾಡು. ಮೈಕೂ ಬೇಡ, ಏನೂ ಬೇಡ." ಇವರು ಅಂಗಲಾಚಿದರು.

ಅತ್ತಿಗೆ ಎದ್ದು ನಿಂತು ಹಾಡಿದರು. ಮೇಲಿನ ಸ್ವರ ಇನ್ನೇನು ಬಂತು ಅನ್ನುವಷ್ಟರಲ್ಲಿ ತಾವೇ ದನಿ ತಗ್ಗಿಸಿ, ಕೆಳಗಿನಿಂದಲೇ ಸಾಲನ್ನು ದಾಟಿಸಿಬಿಟ್ಟರು. ಮುಗಿಸಿ, ತಮ್ಮನ ಕಡೆ ತಿರುಗಿ ಮೆಲ್ಲಗೆ ಕೇಳಿದರು:

"ಈಗ ಒಡೀಲಿಲ್ಲ ಅಲ್ವೇನೋ?"