ರಸ್ತೆಯ ಮೇಲಿನ ವೀರಗಲ್ಲುಗಳು

ಎರೆಮಣ್ಣಿನ ನಾಡಿನಲ್ಲಿ ಅಷ್ಟು ಬಿಳಿಯ ಬೂಟುಗಳನ್ನು ನಾನು ಬೇರಾರ ಕಾಲಲ್ಲೂ ಕಂಡಿಲ್ಲ. ಮಳೆಗಾಲದಲ್ಲಿ ನಮ್ಮ ಚಪ್ಪಲಿಗೆ ಸೇರುಗಟ್ಟಲೆ ಮಣ್ಣು ಮೆತ್ತಿಕೊಳ್ಳುತ್ತಿದ್ದರೆ, ಸಾಹೇಬರ ಬೂಟು ಆಗತಾನೆ ಅಂಗಡಿಯಿಂದ ತಂದಂತಿರುತ್ತಿತ್ತು. ಅದರಲ್ಲಿ ಗುಟ್ಟೇನಿಲ್ಲ. ಅವರು ಜೀಪಿನಿಂದ ಇಳಿಯುತ್ತಲೇ ಇರಲಿಲ್ಲ.

ಬೈಲಹೊಂಗಲ, ಕಿತ್ತೂರು, ಸವದತ್ತಿ, ರಾಮದುರ್ಗ ಸೀಮೆಯ ಹಳೆಯ ಗುಡಿ, ಶಾಸನ, ವೀರಗಲ್ಲುಗಳನ್ನು ಡಿಜಿಟಲ್ ನಕ್ಷೆಯಲ್ಲಿ ಗುರುತಿಸುವ ಯೋಜನೆಗೆ ಅವರು ಮುಖ್ಯಸ್ಥರು. ಭೂಗೋಳ ಓದಿ ಕೆಲಸವಿಲ್ಲದೆ ಕುಳಿತಿದ್ದ ನಾನು ಸಹಾಯಕಿ. ಎರಡು ಸಾವಿರದ ದಶಕದ ಮಾತು. ತಾನಿರುವ ಜಾಗವನ್ನು ದಾಖಲಿಸುವ ಅಂಗೈಯಗಲದ ಜಿಪಿಎಸ್ ಯಂತ್ರವನ್ನು ಊರವರು ಮೊಬೈಲೆಂದೇ ತಿಳಿಯುತ್ತಿದ್ದರು. ಸಾಹೇಬರು ಅದನ್ನು ಜೀಪಿನ ಕಿಟಕಿಯಿಂದ ಹೊರಗೆ ಹಿಡಿದು ಗುಂಡಿ ಒತ್ತುತ್ತಿದ್ದರು. ಗುಡಿ ಹೊಲದ ನಡುವೆ ಇರಲಿ, ಹಳ್ಳದ ಆಚೆ ಇರಲಿ, ನಕ್ಷೆಯಲ್ಲಿ ಬಂದು ಕೂರುತ್ತಿದ್ದುದು ಡಾಂಬರು ರಸ್ತೆಯ ಮೇಲೆ. ಕೇಳಿದರೆ, "ನಕಾಶೆದಾಗ ಚುಕ್ಕಿ ಬಿತ್ತಲ್ಲ ತಂಗಿ, ಮುಗೀತು" ಎನ್ನುತ್ತಿದ್ದರು. ಎಳ್ಳು ಹಚ್ಚಿದ ಸಜ್ಜೆ ರೊಟ್ಟಿ ಯಾವ ಖಾನಾವಳಿಯಲ್ಲಿ ಸಿಗುತ್ತದೆಂಬುದು ಮಾತ್ರ ಅವರಿಗೆ ಕರಾರುವಾಕ್ಕಾಗಿ ಗೊತ್ತಿತ್ತು.

ಸುರೇಬಾನದ ಆಚೆ ಒಂದು ಗುಡ್ಡದ ಮೇಲೆ ಕುಸಿದ ಗುಡಿ, ಅದರ ಸುತ್ತ ವೀರಗಲ್ಲುಗಳು. ಬುಡದಲ್ಲಿ ಹೊಲವಿದ್ದ ಮುದುಕಿಯೊಬ್ಬಳು ಜೀಪಿನ ಬಳಿ ಬಂದಳು. "ಒಂದೀಟ ಮ್ಯಾಲ ಬರ್ರಿ ಸಾಹೇಬ್ರ, ಕುದರಿ ಏರಿದ ವೀರರು ಅದಾರ."

"ಇಲ್ಲಿಂದನ ಕಾಣತಾವ ಬಿಡಬೇ."

ಕಾಣುತ್ತಿದ್ದುದು ಜಾಲಿಮುಳ್ಳು. ನಾನು ಮುದುಕಿಯ ಹಿಂದೆ ಹತ್ತಿ, ಒಂದೊಂದು ಕಲ್ಲಿನ ಬಳಿಯೂ ನಿಂತು ಗುರುತು ಹಾಕಿ ಬಂದೆ. ರಾಮದುರ್ಗದಲ್ಲಿ ಊಟಕ್ಕೆ ಕುಳಿತಾಗ ಸಾಹೇಬರು ಯಂತ್ರ ಇಸಿದುಕೊಂಡು ನನ್ನ ಗುರುತುಗಳನ್ನೆಲ್ಲ ಅಳಿಸಿದರು. "ಒಂದ ಜಾಗಾಕ್ಕ ಎರಡ ಚುಕ್ಕಿ ಬ್ಯಾಡ ತಂಗಿ. ಮ್ಯಾಲಿನವ್ರು ಕೇಳಿದ್ರ ಯಾರು ಉತ್ತರಾ ಹೇಳಬೇಕು?" ಅಲ್ಲೇ ಜಗಳವಾಡಿದೆ. ಮರುವಾರ ನನ್ನ ಕೆಲಸ ಹೋಯಿತು.

ಕೆಲವು ವರ್ಷಗಳ ಬಳಿಕ, ಆ ಗುಡ್ಡದಲ್ಲಿ ಖಡಿ, ಅಂದರೆ ಜಲ್ಲಿ, ಒಡೆಯಲು ಪರವಾನಗಿ ಸಿಕ್ಕಿದೆಯೆಂದು ಕೇಳಿ ಓಡಿದೆ. ನಕ್ಷೆಯ ಪ್ರಕಾರ ವೀರಗಲ್ಲುಗಳು ರಸ್ತೆಯ ಮೇಲಿದ್ದವು, ಗುಡ್ಡ ಖಾಲಿ. ಅರ್ಧ ಗುಡ್ಡ ಆಗಲೇ ಕರಗಿಹೋಗಿತ್ತು. ಖಡಿಯ ರಾಶಿಯಲ್ಲಿ ಒಂದು ಕಲ್ಲುಕುದುರೆಯ ಕಾಲು ಬಿದ್ದಿತ್ತು.

"ನಿಮ್ಮ ನಕಾಶೆದಾಗ ಗುಡ್ಡದ ಮ್ಯಾಲ ಏನೂ ಇಲ್ಲಂತಲ್ಲ ಯವ್ವಾ," ಮುದುಕಿ ಕೇಳಿದಳು. "ಹಂಗಾರ ಇಷ್ಟ ವರ್ಷ ನಾ ಯಾರಿಗೆ ದೀಪಾ ಹಚ್ಚಕೋತ ಬಂದೇನಿ?"

ಸಾಹೇಬರ ಮನೆಗೆ ಹೋಗಿ ಹೇಳಿದೆ. "ಮಷೀನ ತಪ್ಪಿದ್ರ ನಾ ಏನ ಮಾಡ್ಲಿ?" ಎಂದವರು, ಆ ನಕ್ಷೆಗಾಗಿಯೇ ಸನ್ಮಾನ ಮಾಡಿಸಿಕೊಂಡ ಫೋಟೊ ತೋರಿಸಿದರು. ಫೋಟೊದಲ್ಲಿ ಶಾಲು ಚೆನ್ನಾಗಿ ಬಂದಿತ್ತು.

ಉಳಿದ ಕಲ್ಲುಗಳಿಗೆ ನಾನೇ ಮತ್ತೆ ಗುರುತು ಹಾಕಿ, ಚಿತ್ರ ತೆಗೆದು, ಕಚೇರಿಯಿಂದ ಕಚೇರಿಗೆ ಅಲೆದೆ. ಕೊನೆಗೆ ಖಡಿ ಮಷೀನು ನಿಂತಿತು.

ಸಾಹೇಬರು ತೀರಿಕೊಂಡಾಗ ಸವದತ್ತಿಯಲ್ಲಿ ಶ್ರದ್ಧಾಂಜಲಿ ಸಭೆ ನಡೆಯಿತು. ಇಡೀ ಸೀಮೆಯನ್ನು ಕಾಲ್ನಡಿಗೆಯಲ್ಲಿ ಸುತ್ತಿದ ಮಹನೀಯರು ಎಂದು ಒಬ್ಬರು ಕಣ್ಣೊರೆಸಿಕೊಂಡರು. ನನ್ನನ್ನೂ ಮಾತಿಗೆ ಕರೆದರು.

"ಅವರ ನಕಾಶೆ ನಂಬಬ್ಯಾಡ್ರಿ," ಎಂದೆ. "ಒಂದೊಂದ ಕಲ್ಲಿಗೂ ತಿರುಗಿ ಹೋಗಿ ನೋಡಬೇಕಾಗೇತಿ."

ನಾನು ಕೆಳಗಿಳಿದು ಬಂದೆ.

ಇವತ್ತಿಗೂ ಕಲ್ಲಿಗೆ ಅಂಗೈ ತಾಗಿಸದೆ ನಾನು ಗುರುತು ಹಾಕುವುದಿಲ್ಲ. ಅವರಿಂದ ಕಲಿತದ್ದು ಇಷ್ಟೇ. ಅದನ್ನು ಕಲಿಸಲು ಅವರಿಗೆ ಅರ್ಧ ಗುಡ್ಡ ಬೇಕಾಯಿತು.