ಮೆಟ್ರೊ ಗೋಡೆಯ ದಾಳಿಂಬೆ ಮರ

ಹೆಶ್ಮತುಲ್ಲಾನಿಗೆ ಹೆಸರಿನ ಆಸೆ ಇತ್ತು. ಇರಲಿ ಬಿಡಿ, ಯಾರಿಗಿಲ್ಲ? ನಲವತ್ತು ವರ್ಷ ಟೈಲ್ಸ್ ಕತ್ತರಿಸಿ ಹಳೇ ಮಸೀದಿಗಳ ಗುಮ್ಮಟ ರಿಪೇರಿ ಮಾಡಿದ ಮನುಷ್ಯ. ಸತ್ತವರ ಕೆಲಸಕ್ಕೆ ತೇಪೆ ಹಾಕುವವನ ಹೆಸರನ್ನು ಯಾರೂ ಕೇಳುವುದಿಲ್ಲ. ಅರವತ್ತರ ಹೊಸ್ತಿಲಲ್ಲಿ ಮೊದಲ ಸಲ ತನ್ನದೆನ್ನುವ ಕೆಲಸ ಸಿಕ್ಕಿತು: ತೆಹ್ರಾನಿನ ಮೆಟ್ರೊ ನಿಲ್ದಾಣವೊಂದರ ಗೋಡೆಗೆ ಟೈಲ್ಸ್ ಚೂರುಗಳಲ್ಲಿ ಎರಡಾಳೆತ್ತರದ ದಾಳಿಂಬೆ ಮರ. ಚಿತ್ರ ಬರೆದವನು ಕಿಯುಮರ್ಸ್, ಇಪ್ಪತ್ತೆಂಟು ವರ್ಷಗಳಿಂದ ಗೆಳೆಯ, ಒಂದೇ ತಟ್ಟೆಯಲ್ಲಿ ಉಂಡವನು. ಮೂಲೆಯಲ್ಲಿ ಇಬ್ಬರ ಹೆಸರೂ ಇರಬೇಕೆಂದು ಮಾತಾಗಿತ್ತು.

ಈ ಕೆಲಸದ ರೀತಿಯೇ ಹಾಗೆ: ಚೂರುಗಳನ್ನು ಬಣ್ಣದ ಮುಖ ಕೆಳಗಾಗಿ ಜೋಡಿಸಿ, ಬೆನ್ನ ಮೇಲೆ ಗಾರೆ ಸುರಿಯಬೇಕು. ಅದು ಗಟ್ಟಿಯಾಗಿ ಮಗುಚುವ ತನಕ ಕಾಣುವುದು ಬರೀ ಮಣ್ಣು. ಹನ್ನೊಂದು ತಿಂಗಳು ನೆಲದ ಮೇಲೆ ಕೂತು ಕತ್ತರಿಸಿದ. ಕೊನೆಗೆ ತನ್ನ ಹೆಸರಿನ ಅಕ್ಷರಗಳನ್ನೂ ತಾನೇ ಉಲ್ಟಾ ಜೋಡಿಸಿದ.

"ಮನೆಗೆ ಹೋಗಿ ಮಲಕ್ಕೋ ಮಾರಾಯ, ಗಾರೆ ನಾನು ಹಾಕಿಸ್ತೀನಿ," ಎಂದ ಕಿಯುಮರ್ಸ್.

ಹೋದ. ನಂಬಿದವನು ಇನ್ನೇನು ಮಾಡುತ್ತಾನೆ?

ಗೋಡೆಗೆ ಕೂರಿಸಿದ ದಿನ ಹೆಂಡತಿ ಮಾಹ್‌ಲಗಾಳನ್ನು ಕರೆದುಕೊಂಡು ಹೋದ. ಮೂಲೆಯಲ್ಲಿ ಕಿಯುಮರ್ಸನ ಹೆಸರೊಂದೇ ಇತ್ತು. ಪಕ್ಕದಲ್ಲಿ ಖಾಲಿ ನೀಲಿ ಚೂರುಗಳು, ಬಹಳ ನೀಟಾಗಿ. ಮಾಹ್‌ಲಗಾ ಬಾಗಿ ಬಾಗಿ ಹುಡುಕಿದಳು.

"ಎಲ್ರೀ ನಿಮ್ಮದು?"

ಅವನಿಗೆ ನೆಲ ಬಾಯಿಬಿಡಬಾರದೇ ಅನ್ನಿಸಿತು. ನೇರ ಕಿಯುಮರ್ಸನ ಮನೆಗೆ ಹೋದ.

"ಅಡುಗೆಯವನ ಹೆಸರನ್ನ ಯಾರಾದ್ರೂ ತಟ್ಟೆ ಮೇಲೆ ಬರೀತಾರಾ?" ಎಂದ ಕಿಯುಮರ್ಸ್. "ಚಿತ್ರ ನಂದು. ನೀನು ಕತ್ತರಿಸಿಕೊಟ್ಟೆ."

"ಬೇಡ ಅಂತ ಮುಖಕ್ಕೆ ಹೇಳಿದ್ರೆ ನಾನೇ ಕಿತ್ತು ಹಾಕ್ತಿದ್ದೆ ಕಣೋ. ಮಲಕ್ಕೋ ಅಂತ ಕಳಿಸಿ ಕಿತ್ಯಲ್ಲ."

ಕಿಯುಮರ್ಸ್ ಚಹಾ ಮುಂದಿಟ್ಟ. ಹೆಶ್ಮತುಲ್ಲಾ ಮುಟ್ಟದೆ ಎದ್ದು ಬಂದ.

ಆದರೂ ದಿನಾ ಬೆಳಿಗ್ಗೆ ನಿಲ್ದಾಣಕ್ಕೆ ಹೋಗಿ ನಿಲ್ಲುವ ಚಟ ಅಂಟಿತು. "ದಾಳಿಂಬೆ ಹತ್ರ ನಿಂತಿರು, ಬಂದೆ," ಎಂದು ಜನ ಫೋನಿನಲ್ಲಿ ಹೇಳುತ್ತಿದ್ದರು. ಕೆಲಸಕ್ಕೆ ಓಡುವವರು ಕೈಗೆಟುಕುವ ಒಂದು ಹಣ್ಣನ್ನು ಸವರಿ ರೈಲು ಹತ್ತುತ್ತಿದ್ದರು. ನೋಡಿದರೆ ಎದೆ ತುಂಬುತ್ತಿತ್ತು, ಆಮೇಲೆ ಕಣ್ಣು ಮೂಲೆಯ ಖಾಲಿ ನೀಲಿ ಚೂರುಗಳ ಮೇಲೆ ಹೋಗಿ ನಿಲ್ಲುತ್ತಿತ್ತು.

ಒಂದು ದಿನ ರಾತ್ರಿಪಾಳಿ ಮುಗಿಸಿದ ನರ್ಸೊಬ್ಬಳು ಮರದೆದುರು ನಿಂತಳು. ಎರಡು ರೈಲು ಹೋದವು, ಹತ್ತಲಿಲ್ಲ. ಹಣ್ಣಿನ ಮೇಲೆ ಅಂಗೈಯಿಟ್ಟು, "ನಿಮ್ಮ ಕೈಗೆ ನೋವು ಬಾರದಿರಲಿ," ಎಂದಳು. ಇಲ್ಲಿಯವರು ಒಳ್ಳೆಯ ಕೆಲಸ ಮಾಡಿದವನಿಗೆ ಹೇಳುವ ಮಾತು ಅದು.

"ನಿಮ್ಮ ತಲೆಗೆ ನೋವು ಬಾರದಿರಲಿ," ಎಂಬ ವಾಡಿಕೆಯ ಉತ್ತರ ಪಕ್ಕದಲ್ಲೇ ನಿಂತಿದ್ದ ಹೆಶ್ಮತುಲ್ಲಾನ ಬಾಯಿಂದ ತಾನಾಗಿ ಜಾರಿತು.

ಅವಳು ತಿರುಗಿ ನೋಡಿದಳು. "ನಿಮಗಲ್ಲ ತಾತ, ನಾನು ಹೇಳಿದ್ದು ಈ ಕಿಯುಮರ್ಸ್ ಅನ್ನೋರಿಗೆ. ನಿಮಗೆ ಅವರು ಗೊತ್ತಾ?"

"ಗೊತ್ತು ಅಂದ್ಕೊಂಡಿದ್ದೆನಮ್ಮ," ಎಂದ.