ಮುಡಿಗೂ ಮುಂಚಿನ ಆಪರೇಷನ್

ಕೊರೊನಾ ಗಲಾಟೆ ಮುಗಿದ ಮರುವರ್ಷ. ನಾನು ಉರಿಗಾಂನ ಒಂದು ಸಣ್ಣ ಕಣ್ಣಾಸ್ಪತ್ರೆಯಲ್ಲಿ ಮಕ್ಕಳ ಕಣ್ಣಿನ ವೈದ್ಯೆಯಾಗಿದ್ದೆ. ನನಗೆ ಮೂಗಿನ ತುದಿಯಲ್ಲೇ ಕೋಪ ಎಂದು ಸಿಸ್ಟರ್‌ಗಳು ಆಡಿಕೊಳ್ಳುತ್ತಿದ್ದರು. ಸುಳ್ಳೇನಲ್ಲ.

ಒಂದು ಬೆಳಿಗ್ಗೆ ಕ್ಯಾಸಂಬಳ್ಳಿ ಕಡೆಯ ಹಳ್ಳಿಯಿಂದ ಮುನಿರತ್ನ ಎಂಬ ಬಾಣಂತಿ ಗಂಡುಮಗುವನ್ನು ಎತ್ತಿಕೊಂಡು ಬಂದಳು. ಜೊತೆಗೆ ಅವಳ ಅತ್ತೆ ವೆಂಕಟಮ್ಮ. ಹಸು ಸಾಕಿ ಡೇರಿಗೆ ಹಾಲು ಹಾಕುವ ಮನೆಯವರು. ಕಿಟಕಿಗೆ ಗೋಣಿ ಕಟ್ಟಿದ ಬಾಣಂತಿ ಕೋಣೆಯಲ್ಲಿ ಮಗುವಿನ ಕಣ್ಣನ್ನು ಯಾರೂ ಸರಿಯಾಗಿ ಕಂಡಿರಲಿಲ್ಲ. ಒಂದೂವರೆ ತಿಂಗಳ ಲಸಿಕೆಗೆ ಹೊರಗೆ ತಂದಾಗ ನರ್ಸ್ ನೋಡಿ ಗಾಬರಿಯಾಗಿ ನಮ್ಮಲ್ಲಿಗೆ ಕಳಿಸಿದ್ದರು. ಟಾರ್ಚ್ ಬಿಟ್ಟು ನೋಡಿದೆ. ಎರಡೂ ಪಾಪೆ ಬೆಳ್ಳಗಿದ್ದವು. ಹುಟ್ಟಿನಿಂದಲೇ ಬಂದ ಪೊರೆ, ಕ್ಯಾಟರ್‍ಯಾಕ್ಟ್.

"ಎರಡು ವಾರದೊಳಗೆ ಆಪರೇಷನ್ ಆಗಲೇಬೇಕು," ಎಂದೆ.

"ಅಯ್ಯೋ, ನಾಯಿಮರೀನೂ ಕಣ್ಮುಚ್ಕಂಡೇ ಉಟ್ತದಲ್ಲಮ್ಮ!" ಎಂದರು ವೆಂಕಟಮ್ಮ. "ಆಮೇಲೆ ತಾನೇ ಬಿಡ್ತದೆ. ಮಗೀಗೂ ಅಂಗೇ ಸರಿಯೋಗ್ತದೆ ಬಿಡಿ."

ಆ ಮಾತಿನಲ್ಲಿ ಅರ್ಧ ಸತ್ಯವಿತ್ತು, ಅಪಾಯ ಇದ್ದದ್ದೂ ಅಲ್ಲೇ. ಕಣ್ಣಿನ ಹಿಂಭಾಗದಲ್ಲಿರುವ ರೆಟಿನಾ ಎಂಬ ಪರದೆಯಲ್ಲಿ ಚಲನೆಯನ್ನು ಹಿಡಿಯಲೆಂದೇ ಕೆಲವು ಕೋಶಗಳಿವೆ. ಒಂದು ಬಗೆಯವು ಎಡದಿಂದ ಬಲಕ್ಕೆ ಸರಿಯುವುದಕ್ಕೆ ಮಾತ್ರ ಮಿಡಿಯುತ್ತವೆ, ಇನ್ನೊಂದು ಬಗೆಯವು ಮೇಲಿಂದ ಕೆಳಕ್ಕೆ. ನಾಯಿಮರಿಯಂತೆ ಕಣ್ಮುಚ್ಚಿಕೊಂಡೇ ಹುಟ್ಟುವ ಇಲಿಮರಿಗಳಲ್ಲಿ, ಅವು ಕಣ್ಣು ಬಿಡುವ ಮೊದಲೇ ರೆಟಿನಾದಲ್ಲಿ ವಿದ್ಯುತ್ತಿನ ಅಲೆಗಳು ತಾವಾಗಿಯೇ ಎದ್ದು ಹಾಯುತ್ತವೆ. ನಾಟಕಕ್ಕೆ ಮುಂಚಿನ ತಾಲೀಮಿನಂತೆ, ಈ ಕೋಶಗಳ ಜೋಡಣೆ ಬಹುಮಟ್ಟಿಗೆ ಕತ್ತಲಲ್ಲೇ ಮುಗಿಯುತ್ತದೆ. ನಮ್ಮ ಮಕ್ಕಳಲ್ಲಿ ಇಂಥ ತಯಾರಿ ಗರ್ಭದಲ್ಲೇ ನಡೆಯುತ್ತದೆಂದು ಭಾವಿಸಲಾಗಿದೆ. ಆದರೆ ಹುಟ್ಟಿದ ಮೇಲೆ ಮೆದುಳಿಗೆ ಸ್ಪಷ್ಟವಾದ ಚಿತ್ರ ಸಿಗಬೇಕು. ಮೊದಲ ತಿಂಗಳುಗಳು ಹಾಗೇ ಕಳೆದುಹೋದರೆ, ಆಮೇಲೆ ಪೊರೆ ತೆಗೆದರೂ ಮೆದುಳು ಸರಿಯಾಗಿ ನೋಡಲು ಕಲಿಯುವುದಿಲ್ಲ.

ಇದನ್ನೆಲ್ಲ ಬಿಡಿಸಿ ಹೇಳಿದರೂ ವೆಂಕಟಮ್ಮ ಜಗ್ಗಲಿಲ್ಲ. ನಿಜವಾದ ಕಾರಣ ಆಗ ಹೊರಬಿತ್ತು.

"ಅನ್ನೊಂದನೇ ತಿಂಗ್ಳಿಗೆ ಮುಡಿ ಕೊಡ್ತೀವಿ ಅಂತ ಅರಕೆ ಐತೆ. ಅದಕ್ ಮುಂಚೆ ಮಗೀಗೆ ಕತ್ತಿ ತಾಕಿಸಿದ್ರೆ ಮನೆದೇವ್ರು ಸುಮ್ಕಿರ್ತದಾ?"

ನನಗೆ ಮೈಯೆಲ್ಲ ಉರಿದುಹೋಯಿತು. ಮಗುವಿನ ಕಣ್ಣು ನೋಡಿದ ಕೂಡಲೇ, ಇಷ್ಟು ಚಿಕ್ಕ ಮಕ್ಕಳಿಗೆ ಆಪರೇಷನ್ ಮಾಡುವ ಬೆಂಗಳೂರಿನ ಆಸ್ಪತ್ರೆಯವರಿಗೆ ಫೋನ್ ಮಾಡಿ, ಕಾಡಿ ಬೇಡಿ ಅದೇ ವಾರಕ್ಕೆ ಜಾಗ ಹಿಡಿದಿದ್ದೆ. ಇವರು ಈಗ ಎದ್ದು ಹೋದರೆ ಮತ್ತೆ ಬರುವುದು ಮುಡಿ ಕೊಟ್ಟ ಮೇಲೆಯೇ. ಬೈಯಲು ಬಾಯಿ ತೆರೆದಿದ್ದೆ. ಅಷ್ಟರಲ್ಲಿ ಅಲ್ಲಿಯವರೆಗೆ ನೆಲ ನೋಡುತ್ತಾ ಕೂತಿದ್ದ ಮುನಿರತ್ನ ತಲೆಯೆತ್ತಿದಳು.

"ಅತ್ತೆ, ಮುಡಿ ಕೊಡೋ ದಿವ್ಸ ನನ್ ಮಗ ದೇವ್ರ್ನ ನೋಡ್ಬೇಕೋ ಬ್ಯಾಡ್ವೋ?"

ವೆಂಕಟಮ್ಮ ಸೊಸೆಯನ್ನೇ ದುರುಗುಟ್ಟಿ ನೋಡಿದರು. ಸೆರಗು ಕೊಡವಿಕೊಂಡು ಹೊರಗೆ ನಡೆದರು. ಮುನಿರತ್ನ ಮಗುವನ್ನು ಎದೆಗೆ ಅವಚಿಕೊಂಡು ಅಲ್ಲೇ ಕೂತಳು. ಕೇಸು ಕೈಬಿಟ್ಟು ಹೋಯಿತು ಎಂದುಕೊಂಡೆ. ಕಾರಿಡಾರಿನಲ್ಲಿ ವೆಂಕಟಮ್ಮ ಮನೆದೇವರ ಗುಡಿಯ ಪೂಜಾರಿಯೊಂದಿಗೆ ಫೋನಿನಲ್ಲಿ ತೆಲುಗಿನಲ್ಲಿ ಜಗಳವನ್ನೇ ಆಡುತ್ತಿದ್ದದ್ದು ಕೇಳಿಸುತ್ತಿತ್ತು. ತುಂಬಾ ಹೊತ್ತಾದ ಮೇಲೆ ಒಳಗೆ ಬಂದರು.

"ಪೂಜಾರಪ್ಪ ಒಪ್ಕಂಡ. ನಾಳೆ ದೇವ್ರ್ ಮುಂದೆ ಮೂರು ಕತ್ತರಿ ಕೂದ್ಲು ತೆಗ್ಸಿಬಿಡ್ತೀನಿ. ಮಿಕ್ಕಿದ್ದು ಅನ್ನೊಂದನೇ ತಿಂಗ್ಳಿಗೆ. ನಾಡಿದ್ದು ಬಂಗಾರಪೇಟೆಯಿಂದ ರೈಲ್ಗೆ ಓಯ್ತೀವಿ. ಸಾಕಾ?"

ಸಾಕೇ ಸಾಕು! ಎರಡೂ ಕಣ್ಣಿನ ಆಪರೇಷನ್ ಆಯಿತು. ದಪ್ಪ ಗಾಜಿನ ಪುಟಾಣಿ ಕನ್ನಡಕ ಹಾಕಿಸಿಕೊಂಡು, ಕೆಲವು ವಾರಗಳ ನಂತರ ಮಗು ನಮ್ಮಲ್ಲಿಗೆ ಮರಳಿತು.

ಮಾತು ಬಾರದ ಮಕ್ಕಳ ದೃಷ್ಟಿ ನೋಡಲು ನಮ್ಮಲ್ಲೊಂದು ಡ್ರಮ್ ಇರುತ್ತದೆ. ಅದರ ತುಂಬ ಕಪ್ಪು ಬಿಳಿ ಪಟ್ಟೆ. ಮಗುವಿಗೆ ಕಾಣುತ್ತಿದ್ದರೆ, ಅದು ತಿರುಗಿದಾಗ ಕಣ್ಣು ಪಟ್ಟೆಯನ್ನು ಹಿಂಬಾಲಿಸಿ ಸರಿದು, ತಟ್ಟನೆ ಹಿಂದಕ್ಕೆ ಜಿಗಿಯಬೇಕು. ತಿರುಗಿಸಿದೆ. ಕಣ್ಣು ಅಲುಗಲಿಲ್ಲ. ಮತ್ತೆ ತಿರುಗಿಸಿದೆ. ಮಗು ಸೂರಿನ ಕಡೆ ನೋಡುತ್ತಿತ್ತು. ಮುನಿರತ್ನ ಉಸಿರು ಬಿಗಿಹಿಡಿದಿದ್ದಳು. ತಡಮಾಡಿಬಿಟ್ಟೆವಾ ಎಂದುಕೊಂಡೆ. ಡ್ರಮ್ಮನ್ನು ಇನ್ನಷ್ಟು ಹತ್ತಿರ ತಂದು ನಿಧಾನಕ್ಕೆ ತಿರುಗಿಸಿದೆ. ಕಣ್ಣು ಸರಿಯಿತು, ಜಿಗಿಯಿತು, ಮತ್ತೆ ಸರಿಯಿತು.

"ಯಾಕಮ್ಮಾ ಮಾತಾಡ್ತಿಲ್ಲ? ಏನಾಯ್ತು?" ವೆಂಕಟಮ್ಮ ಕೂಗಿಕೊಂಡರು.

"ನೋಡ್ತಿದ್ದಾನೆ ಅಜ್ಜಿ," ಎಂದಷ್ಟೇ ಹೇಳಿದೆ.

ಅಂದಿನಿಂದ, ಇನ್ನೂ ಸ್ವಲ್ಪ ದಿನ ನೋಡೋಣ ಎನ್ನುವ ಮನೆಯವರನ್ನು ನಾನು ಮೊದಲು ಕೇಳುವುದು ಒಂದೇ ಪ್ರಶ್ನೆ: ಯಾತಕ್ಕೆ ಕಾಯುತ್ತಿದ್ದೀರಿ? ಅವರು ಅದನ್ನು ಬಾಯಿಬಿಟ್ಟು ಹೇಳಿದ ದಿನವೇ ಮಗುವಿನ ಚಿಕಿತ್ಸೆ ಶುರುವಾಗುತ್ತದೆ.